ಮಣ್ಣಿನ ಮೀಸೆ

“ಲೋ ಬಾಲಂಗೋಚಿ, ತಲೆ ತಗ್ಸೋ!”

ಎಂಜಿನ್ ಇಲ್ಲದ ಪುಟ್ಟ ವಿಮಾನ, ಗ್ಲೈಡರ್, ತಮ್ಮನ ತಲೆಯ ಮೇಲೆ ಸುಂಯ್ ಎಂದು ಹಾದು, ಆಕಾಶಕ್ಕೆ ಮೂಗೆತ್ತಿ, ಒಂದು ಗಳಿಗೆ ಯೋಚಿಸುತ್ತಾ ನಿಂತು, ದೊಪ್ಪೆಂದು ಹುಲ್ಲಿಗೆ ಬಿತ್ತು.

ಸೋಡಾಬುಡ್ಡಿ ರಿಮೋಟ್ ಹಿಡಿದು ಓಡಿದಳು. ದಪ್ಪ ಕನ್ನಡಕ ನೋಡಿ ಗೆಳತಿಯರು ಇಟ್ಟ ಹೆಸರು ಅದು. ಎಲ್ಲಿ ಹೋದರೂ ಹಿಂದೆಯೇ ಬರುವ ತಮ್ಮನಿಗೆ ಬಾಲಂಗೋಚಿ ಎಂದು ಹೆಸರಿಟ್ಟವಳು ಅವಳೇ.

ನಾಳೆ ಗ್ಲೈಡರ್ ಕ್ಲಬ್ಬಿನ ಪಂದ್ಯ. “ಇವತ್ತು ಒಂದ್ಸಲನಾದ್ರೂ ನೆಟ್ಟಗೆ ಹಾರಿದ್ರೆ ನಿನ್ನ ಹೆಸರು ಕೊಡ್ತೀನಿ. ಇಲ್ದಿದ್ರೆ ಬರೋ ವರ್ಷ,” ಎಂದಿದ್ದರು ಹಾರಿಸಲು ಕಲಿಸುತ್ತಿದ್ದ ಮಾವ.

“ಗಾಳೀದೇ ತಪ್ಪು ಮಾವಾ, ನಂದೇನಿಲ್ಲ!”

“ಹೌದೌದು! ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ವಂತೆ!”

“ಮೀಸೆ ಮಣ್ಣಾದ್ರೆ ಹೆಂಗಿರುತ್ತೆ ಮಾವಾ?” ತಮ್ಮ ಕೇಳಿದ.

“ನೀನು ಮಧ್ಯೆ ಮೂಗು ತೂರಿಸ್ಬೇಡ,” ಅಕ್ಕ ಗದರಿದಳು.

ಗ್ಲೈಡರ್ ಮೂಗೆತ್ತುತ್ತದೆ ಎಂದರೆ ಮೂಗು ಹಗುರ ಎಂದೇ ಅವಳ ಲೆಕ್ಕ. ಅದಕ್ಕೇ ಬೆಳಗಿನಿಂದ ಮೂಗಿನೊಳಗೆ ಜೇಡಿಮಣ್ಣು ತುರುಕುತ್ತಿದ್ದಳು. ಭಾರಕ್ಕೆ ಮೂಗು ತಗ್ಗಿದರೆ, ಅದನ್ನು ಮೇಲೆತ್ತಲು ಬಾಲದ ಪಟ್ಟಿ ಎತ್ತುತ್ತಿದ್ದಳು. ಪಟ್ಟಿ ಎತ್ತಿ ಜೋರಾಗಿ ಎಸೆದರೆ ಮೂಗು ಮತ್ತೆ ಆಕಾಶಕ್ಕೆ! ಮತ್ತೆ ಮಣ್ಣು!

“ಪಟ್ಟಿ ನೆಟ್ಟಗಿಟ್ಟು ಎಸಿ ನೋಡೋಣ. ಬ್ಯಾಟರಿ ಮುಗೀತಾ ಬಂತು, ಇದೇ ಕೊನೇದು,” ಎಂದರು ಮಾವ.

ಅವಳು ಗ್ಲೈಡರನ್ನು ತಮ್ಮನ ಕೈಗೆ ಕೊಟ್ಟು, ರಿಮೋಟಿನ ಗುಂಡಿ ಒತ್ತಿ ಪಟ್ಟಿ ಸರಿಮಾಡಿದಳು. ಇಷ್ಟು ಮಣ್ಣಿರುವಾಗ ಪಟ್ಟಿ ನೆಟ್ಟಗಿಟ್ಟರೆ ಮೂಗು ನೇರ ನೆಲಕ್ಕೇ ಎಂದು ಅವಳಿಗೆ ಪುಕಪುಕ. ಆದರೂ ತಮ್ಮನಿಂದ ಗ್ಲೈಡರ್ ಇಸ್ಕೊಂಡು, ರೆಕ್ಕೆಯ ತುದಿ ಹಿಡಿದು, ಗಿರ್‍ರನೆ ಒಂದು ಸುತ್ತು ತಿರುಗಿ, ಎಸೆದೇಬಿಟ್ಟಳು.

ಗ್ಲೈಡರ್ ಏರಿತು. ಮೂಗೆತ್ತಲಿಲ್ಲ, ಮುಗ್ಗರಿಸಲೂ ಇಲ್ಲ. ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು! ತಿರುಗು ಎಂದರೆ ತಿರುಗಿತು. ನೀರಿನ ಟ್ಯಾಂಕಿನ ಹತ್ತಿರ ಮೇಲೇಳುವ ಬಿಸಿಗಾಳಿ ಸಿಕ್ಕಿ ಇನ್ನೂ ಮೇಲೆ ಹೋಯಿತು.

“ಹಾರ್ತಿದೆ! ಮಾವಾ, ಹಾರ್ತಿದೆ!” ಅವಳು ಕುಣಿದಳು. ಮಾವನೂ ಕುಣಿದರು, ಅವರ ಒಂದು ಚಪ್ಪಲಿ ಗ್ಲೈಡರಿನ ಹಿಂದೆಯೇ ಹಾರಿತು. ತಮ್ಮ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.

ಗ್ಲೈಡರ್ ಮೆಲ್ಲಗೆ ಬಂದು ಅವಳ ಕೈ ಸೇರಿತು. ಮೂಗಿನೊಳಗೆ ಇಣುಕಿದಳು. ಅರ್ಧ ಮಣ್ಣೇ ಇಲ್ಲ!

“ಲೋ, ಕೈ ತೆಗಿ.”

ತೆಗೆದ. ಮೂಗಿನ ಕೆಳಗೆ ಜೇಡಿಮಣ್ಣಿನ ಗಿರಿಜಾ ಮೀಸೆ!

“ಹೆಂಗಿರುತ್ತೆ ಅಂತ ನೋಡ್ದೆ ಅಕ್ಕಾ... ವಾಪಸ್ ತುರುಕ್ಲಾ?”

“ಬೇಡ! ಬೇಡ್ವೇ ಬೇಡ!”

ಅವಳು ಗ್ಲೈಡರಿನ ಮೂಗು ನೋಡಿದಳು. ತಮ್ಮನ ಮೀಸೆ ನೋಡಿದಳು. ತಪ್ಪು ತಾನು ತುರುಕಿದ ಮಣ್ಣಿನದೇ! ಬೆಳಗಿನಿಂದ ಗಾಳಿಯನ್ನು ಬೈದದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಆಮೇಲೆ ಕಿಸಕ್ಕನೆ ನಗು ಬಂತು.

ಮೀಸೆಯ ಒಂದು ತುದಿ ಮುರಿದು ತನ್ನ ಮೂಗಿನ ಕೆಳಗೂ ಮೆತ್ತಿಕೊಂಡಳು.

“ಮಾವಾ, ನಾಳೆ ಇಬ್ರ ಹೆಸರೂ ಕೊಡಿ,” ಎಂದಳು. “ನನ್ನ ಮೀಸೇನೂ ಮಣ್ಣಾಯ್ತು.”