ಗೂಬೆಯ ಗುಹೆಯಲ್ಲಿ ನಾಲ್ಕು ಗೀರು

ಮೂಳೆ ಅಗೆತಕ್ಕೆ ನೆರವಾಗುತ್ತಿದ್ದ ರೈತ ಸೆವೆರೊ ಗುಹೆಯ ತಳದಲ್ಲಿ ಬೋರಲಾಗಿ ಬಿದ್ದಿದ್ದ. ತಲೆಯಿಂದ ನೆತ್ತರು ಸೋರುತ್ತಿತ್ತು. ಉಸಿರು ಮಾತ್ರ ಇತ್ತು. ಅಂಗಿ ಹರಿದ ಬೆನ್ನ ಮೇಲೆ ನಾಲ್ಕು ಗೀರು—ಎರಡು ಮೇಲಕ್ಕೆ, ಎರಡು ಕೆಳಕ್ಕೆ. ಪಕ್ಕದ ಪೆಟ್ಟಿಗೆ ಖಾಲಿ. ಅದರಲ್ಲಿದ್ದ ದೈತ್ಯ ಗೂಬೆಯ ಕಾಲಿನ ಮೂಳೆ ಮಾಯ!

ನಮ್ಮ ಕ್ಯೂಬಾದ ಗುಹೆಗಳಲ್ಲಿ ಆ ಗೂಬೆ ಸಿಗುವುದು ಕಲ್ಲಾದ ಮೂಳೆಯಾಗಿ ಮಾತ್ರ. ಅಳಿದು ಸಾವಿರಾರು ವರ್ಷವಾಯಿತು. ಆದರೂ ಮೇಲಿನಿಂದ ಟಾರ್ಚ್ ಬಿಟ್ಟಾಗ ಆ ಗೀರು ಕಂಡ ಮೇಲೆ ಊರಿನವರು ಯಾರೂ ಕೆಳಗಿಳಿಯಲಿಲ್ಲ. ಪೊಲೀಸ್ ಸಾರ್ಜೆಂಟನಾದ ನಾನೇ ಇಳಿದೆ. ತಲೆಯ ಮೇಲೆ ಏನೋ ಪಟಪಟಿಸಿತು. ಬಾವಲಿ ಎಂದು ಗೊತ್ತಿದ್ದರೂ ಹಗ್ಗ ಹಿಡಿದ ಕೈ ಬೆವೆತಿತು.

ಸೆವೆರೊನನ್ನು ಆಸ್ಪತ್ರೆಗೆ ಕಳಿಸಿ, ನನ್ನ ಮೇಲಧಿಕಾರಿ ಮಿಗ್ದಾಲಿಯಾ ವಿಚಾರಣೆಗೆ ನಿಂತರು. ಬೆಳಿಗ್ಗೆ ಸೆವೆರೊ ಜೊತೆ ಗುಹೆಗೆ ಬಂದವರು ಇಬ್ಬರೇ—ಅವನ ಅಳಿಯ ಒಸ್ಮಾನಿ; ಮೂಳೆ ಅಗೆಯುತ್ತಿದ್ದ ಸಂಶೋಧಕ, ಡಾಕ್ಟರ್ ಅರ್ಮಾಸ್.

"ಮಾವನ ಜೊತೆ ಜಗಳ ಆಡಿದ್ಯಂತೆ?"

"ಹೊಗೆಸೊಪ್ಪಿನ ಹೊಲದ ವಿಷ್ಯ ಮೇಡಂ!" ಒಸ್ಮಾನಿ ಗುಹೆಯ ಬಾಯಿಯಿಂದ ಹಿಂದೆ ಸರಿದ. "ಅಷ್ಟಕ್ಕೆ ಕೊಲ್ತಾರಾ? ಗೂಬೆನೇ ಬಂದಿತ್ತು... ಆ ಉಗುರು ನೋಡಿದ್ರಲ್ಲ?"

"ಬಾಯ್ಮುಚ್ಚೋ ಹೇಡಿ!" ಎಂದಳು ಅವನ ಹೆಂಡತಿ ಇದಾನಿಯಾ, ಅಳುತ್ತಲೇ. "ಮೇಡಂ, ಅಪ್ಪ ನಿನ್ನೆ ಊಟಾನೇ ಮಾಡ್ಲಿಲ್ಲ. ಆ ಮೂಳೆ ಅರ್ಧ ಪ್ಲಾಸ್ಟರು, ಡಾಕ್ಟ್ರು ಬೇಕಂತಲೇ ಉದ್ದ ಮಾಡಿದಾರೆ, ಮೂಳೆ ನೋಡೋಕೆ ಹವಾನಾದಿಂದ ಬರೋರಿಗೆ ಹೇಳ್ಬಿಡ್ತೀನಿ ಅಂತಿದ್ದ."

ಅರ್ಮಾಸ್ ನಕ್ಕರು. "ಮುರಿದಿದ್ದನ್ನ ಅಂಟಿಸಿದ್ದೆ, ಅಷ್ಟೇ."

ಮಿಗ್ದಾಲಿಯಾ ಒಸ್ಮಾನಿಗೆ ಕಡ್ಡಿ ಕೊಟ್ಟರು. "ಹಕ್ಕಿ ಕಾಲು ಬಿಡ್ಸು."

ಮಣ್ಣಿನಲ್ಲಿ ಅವನು ಗೀಚಿದ—ಮುಂದೆ ಮೂರು ಬೆರಳು, ಹಿಂದೆ ಒಂದು. ಇದಾನಿಯಾ ಗೀಚಿದ್ದೂ ಅದೇ.

"ಈಗ ನೀವು ಡಾಕ್ಟ್ರೇ. ಗೂಬೆದು."

ಅರ್ಮಾಸ್ ಕಡ್ಡಿ ಹಿಡಿದು ಬಗ್ಗಿದರು. ಬಗ್ಗಿದವರು ಹಾಗೆಯೇ ನಿಂತರು.

"ಯಾಕೆ ನಿಲ್ಲಿಸಿದ್ರಿ? ಇವರಿಗೆ ಹಕ್ಕಿ ಕಾಲು ಅಂದ್ರೆ ಕೋಳಿ ಕಾಲು. ಗೂಬೆ ಹಿಡಿಯೋದು ಎರಡು ಬೆರಳು ಮುಂದೆ, ಎರಡು ಹಿಂದೆ ಇಟ್ಟು. ಬೆನ್ನ ಮೇಲಿರೋದೂ ಹಾಗೇ! ಅಷ್ಟು ಸರಿಯಾಗಿ ಗೀಚೋಕೆ ಗೊತ್ತಿದ್ದದ್ದು ನಿಮಗೊಬ್ಬರಿಗೇ. ಮೋಸ ಹೊರಗೆ ಬರುತ್ತೆ ಅಂತ ಸೆವೆರೊನ ತಳ್ಳಿದ್ರಿ, ಮೂಳೆ ಅಡಗಿಸಿದ್ರಿ. ಹೆದರಿ ಯಾರೂ ಇಳೀಬಾರದು, ಅವನು ಅಲ್ಲೇ ಸಾಯ್ಬೇಕು—ಅಲ್ವಾ?"

ಅರ್ಮಾಸ್ ಕಡ್ಡಿ ಬಿಟ್ಟು, ಸೊಂಟದಲ್ಲಿದ್ದ ಅಗೆಯುವ ಸುತ್ತಿಗೆಯನ್ನು ಬಿಚ್ಚಿ ಕೊಟ್ಟರು; ಅದರ ಮೊನೆಯಲ್ಲಿ ನೆತ್ತರಿತ್ತು.

ಜೀಪಿನಲ್ಲಿ ಅರ್ಮಾಸ್ ಪಕ್ಕ ನಾನೇ ಕೂರಬೇಕಾಯಿತು. ಗುಹೆಯಲ್ಲಿ ನಡುಗದಷ್ಟು ನಡುಗಿದ್ದು ಆಗ. ಕೆಳಗೆ ಸೆವೆರೊ ಇನ್ನೂ ಉಸಿರಾಡುತ್ತಿದ್ದ. ಈ ಮನುಷ್ಯ ಅವನ ಬೆನ್ನ ಮೇಲೆ ಕೂತು, ಸುತ್ತಿಗೆಯ ಮೊನೆಯಿಂದ, ಒಂದು ಬೆರಳೂ ತಪ್ಪದಂತೆ ಗೂಬೆಯ ಕಾಲು ಬಿಡಿಸಿದ್ದ.