ಅಪ್ಪ ಬಿಟ್ಟ ಒಂದು ಗೇಣು ದಾರಿ

"ಆ ಚಿಕ್ಕ ಗೇಟು ಕೆಟ್ಟು ಸೋರ್ತಾ ಇತ್ತು ಮೇಡಂ. ಕೆಳಗಡೆ ಕಲ್ಲು ಬೇರೆ ಅಡ್ಡಾದಿಡ್ಡಿ ಬಿದ್ದಿದ್ವು. ಎಲ್ಲಾ ತೆಗೆಸಿ, ಗೇಟು ಬಿಗಿಯಾಗಿ ಮುಚ್ಚಿಸಿದೀನಿ," ಎಂದ ಹೊಸ ಎಂಜಿನಿಯರ್, ಶಹಬ್ಬಾಸ್‌ಗಿರಿಗೆ ಕಾದವನಂತೆ.

ಅವಳ ಕೈಯಿಂದ ಎಣಿಕೆಯ ಪುಸ್ತಕ ಜಾರಿತು.

ಅವಳು ಆ ಅಣೆಕಟ್ಟೆಯಲ್ಲಿ, ಮೊಟ್ಟೆಯಿಡಲು ಹೊಳೆ ಹತ್ತುವ ಮೀನು ಎಣಿಸುವ ಕೆಲಸದವಳು. ಗೇಟು ಕಾಯುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಇವತ್ತೇ ಕೆಲಸಕ್ಕೆ ಮರಳಿದ್ದಳು.

"ಸೋರ್ತಿರಲಿಲ್ಲ ಸಾರ್... ಅಪ್ಪ ಬೇಕಂತಲೇ ಒಂದು ಗೇಣು ಎತ್ತಿಟ್ಟಿದ್ರು. ಆ ಕಲ್ಲುಗಳೂ ಅವರೇ ಹೊತ್ತು ಇಟ್ಟಿದ್ದು. ಅವುಗಳ ಮರೇಲಿ ಸುಧಾರಿಸ್ಕೊಂಡು ಮೀನು ಮೇಲೆ ಹತ್ತೋದು. ಮೂವತ್ತು ವರ್ಷದ ದಾರಿ! ಯಾರನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ?"

ಅವನು ಕಟ್ಟೆಯಂಚಿಗೆ ಹೋಗಿ ಬಗ್ಗಿ ನೋಡಿದ.

ಕೆಳಗೆ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಗೋಡೆಗೆ ಹಾರಿ ಹಾರಿ ಬೀಳುತ್ತಿದ್ದವು. ಮೂತಿಗಳೆಲ್ಲ ತರಚಿದ್ದವು. ನೀರು ಇಳಿಯುವುದಕ್ಕೆ ಇನ್ನು ಹೆಚ್ಚೆಂದರೆ ಹದಿನೈದು ದಿನ. ಅಷ್ಟರೊಳಗೆ ಮೇಲಕ್ಕೆ ಹೋಗದಿದ್ದರೆ ಈ ವರ್ಷ ಹೊಳೆಯಲ್ಲಿ ಮರಿಗಳೇ ಇಲ್ಲ.

'ಅಪ್ಪಾ... ನೀನೂ ಹೋದೆ, ನಿನ್ನ ದಾರಿಯೂ ಹೋಯ್ತಲ್ಲ!'

ಹೆಡ್ಡಾಫೀಸಿನ ಅಪ್ಪಣೆಯಿಲ್ಲದೆ ಮುಚ್ಚಿದ ಗೇಟು ಎತ್ತುವಂತಿರಲಿಲ್ಲ. ಅವಳು ಬಕೆಟ್ ಹಿಡಿದು ನೀರಿಗಿಳಿದಳು. ಹಿಂದೆಯೇ ಇನ್ನೊಂದು ಬಕೆಟ್ಟಿನ ಸದ್ದು. ತಿರುಗಿದರೆ ಅವನು!

"ಒಣಗೈಯಲ್ಲಿ ಹಿಡೀಬೇಡಿ, ಮೈಮೇಲಿನ ಲೋಳೆ ಹೋಗತ್ತೆ," ಎಂದಷ್ಟೇ ಗದರಿದಳು.

ಅವನು ಕೈ ನೆನೆಸಿಕೊಂಡ.

ಎರಡು ದಿನ ಮೀನುಗಳನ್ನು ಬಕೆಟ್ಟಿನಲ್ಲಿ ಕಟ್ಟೆಯ ಮೇಲಕ್ಕೆ ಹೊತ್ತರು. ದಡದಲ್ಲಿ ನಿಂತ ಅವಳ ಸೋದರತ್ತೆ ಸುಮ್ಮನಿರಲಿಲ್ಲ. "ಬೂಟು ಸಮೇತ ನೀರಿಗಿಳಿದ ಎಂಜಿನಿಯರನ್ನ ಈ ಜನ್ಮದಲ್ಲಿ ಕಂಡಿಲ್ಲ ಕಣೇ! ಕೋಪ ಆಮೇಲೆ ಮಾಡ್ಕೋ, ಮೊದಲು ಒಂದು ಟವೆಲ್ ಕೊಡು."

ಕೊಟ್ಟಳು. ಅವನ ಬೆರಳುಗಳು ನೀರಲ್ಲಿ ನೆನೆದು ಸುಕ್ಕಾಗಿದ್ದವು. ಅವಳ ಕೋಪ ಯಾಕೋ ಸ್ವಲ್ಪ ಸಡಿಲವಾಯಿತು...

ಮೂರನೇ ದಿನ ಅವನು ಬರಲಿಲ್ಲ. ನಾಲ್ಕನೇ ದಿನವೂ ಇಲ್ಲ.

"ವರ್ಗಾವಣೆ ವಿಷಯಕ್ಕೆ ಹೆಡ್ಡಾಫೀಸಿಗೆ ಹೋಗಿದಾರಂತೆ," ಎಂದ ವಾಚ್‌ಮನ್.

'ತಪ್ಪು ಮಾಡಿ ಓಡಿಹೋದ. ನಾನೊಬ್ಬಳು ಪೆದ್ದಿ, ನಂಬಿದೆ!'

ಆರನೇ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ತುಂಬ ಕಲ್ಲು. ಅಪ್ಪನ ಕಲ್ಲುಗಳು! ಮೇಲೆ, ಕೆದರಿದ ತಲೆಯಲ್ಲಿ ಅವನು.

"ತಪ್ಪು ನನ್ನದು ಅಂತ ಬರೆದುಕೊಟ್ಟೆ. ಅಪ್ಪಣೆ ಸಿಗೋವರೆಗೂ ಸಾಹೇಬರ ಬಾಗಿಲು ಬಿಡಲಿಲ್ಲ." ಅಳತೆ ಪುಸ್ತಕ ತೆರೆದು ಹಿಡಿದ. "ತೆಗೆಸೋ ಮುಂಚೆ ಅಳೆದು ಬರ್ಕೊಂಡಿದ್ದೆ. ಯಾಕೆ ಹೀಗಿವೆ ಅಂತ ಮಾತ್ರ... ಯೋಚಿಸಲಿಲ್ಲ."

ಹಾಳೆಯ ಮೇಲೆ ನಲವತ್ತು ಕಲ್ಲುಗಳು, ಒಂದೊಂದೂ ತನ್ನ ಜಾಗದಲ್ಲಿ. ಅಪ್ಪ ಸತ್ತಾಗಲೂ ಬಾರದ ಅಳು ಈಗ ಬಂತು. ಅವನು ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತ.

ಸಂಜೆಯ ಹೊತ್ತಿಗೆ ಹಾಳೆಯಲ್ಲಿಲ್ಲದ ಒಂದೇ ಕಲ್ಲು ಉಳಿಯಿತು.

"ಇದರ ಜಾಗ ಗೊತ್ತಿಲ್ಲ. ನೀರೊಳಗಿತ್ತು, ಅಳೆಯೋಕಾಗಲಿಲ್ಲ."

"ನಂಗೊತ್ತು. ಗೇಟಿಂದ ಎರಡು ಹೆಜ್ಜೆ ಕೆಳಗೆ. ಸುಸ್ತಾದ ಮೀನು ಕೊನೇ ಸಲ ನಿಲ್ಲೋದು ಅಲ್ಲೇ."

ಇಬ್ಬರೂ ಸೇರಿ ಉರುಳಿಸಿ ಕೂರಿಸಿದರು. ಅವಳೇ ಗೇಟಿನ ಚಕ್ರ ತಿರುಗಿಸಿದಳು. ಒಂದು ಗೇಣು. ನೀರು ಹಳೆಯ ಸದ್ದಿನಲ್ಲೇ ಇಳಿಯಿತು.

"ವರ್ಗ ಬೇಕು ಅಂತ ಕೇಳಿದ್ರಂತೆ?"

"ನಾನು ಕೇಳಲಿಲ್ಲ, ಅವರಾಗೇ ಕೊಟ್ಟಿದ್ರು. ಬೇಡ ಅಂತ ಬೇಡ್ಕೊಂಡೆ."

"ಮೀನಿಗೋಸ್ಕರಾನಾ?"

"ಹೌದು ಅಂದ್ರೆ ಅರ್ಧ ಸುಳ್ಳಾಗತ್ತೆ..." ಅವನ ದನಿ ತಗ್ಗಿತು. "ನೀವು ಎಣಿಸುವಾಗ ಪಕ್ಕದಲ್ಲಿರಬೇಕು ಅನ್ಸತ್ತೆ. ಯಾವಾಗಲೂ."

"ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೆ ನನಗೆ ಎಣಿಕೆ ತಪ್ಪತ್ತೆ."

"ಮಾತಾಡಲ್ಲ."

ಅವಳು ಸರಿದು, ಕಟ್ಟೆಯ ಮೇಲೆ ಅವನಿಗೆ ಜಾಗ ಬಿಟ್ಟಳು.

"ಪರವಾಗಿಲ್ಲ... ಮಾತಾಡಿ."

ಕೊನೆಯ ಕಲ್ಲಿನ ಮರೆಯಲ್ಲಿ ಏನೋ ಬೆಳ್ಳಗೆ ಮಿಂಚಿತು. ಮೂತಿ ತರಚಿದ ಒಂದು ಮೀನು ಅಲ್ಲಿ ಕ್ಷಣ ನಿಂತು, ಬಾಲ ಬಡಿದು, ಗೇಟಿನಡಿ ನುಗ್ಗಿ ಮೇಲೆ ಹೋಯಿತು. ಅವಳು ಎಣಿಕೆಯ ಪುಸ್ತಕ ತೆರೆದು ಒಂದು ಗೆರೆ ಎಳೆದಳು.