ವಾಸನೆಯಿಲ್ಲದ ಡಬ್ಬಿ

ನೌಬಾದದ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ಕ್ಯಾಲ್ಸಿಯಂ ಕ್ಯಾಪ್ಸೂಲ್ ತುಂಬುವ ಯಂತ್ರವನ್ನು ಮೊದಲು ಓಡಿಸಿದವನು ಓಂಪ್ರಕಾಶ. ಅಂಗಡಿ ಅಂಗಡಿ ಅಲೆದು ಡಬ್ಬಿಗೆ ಗಿರಾಕಿ ಹುಡುಕಿದವನೂ ಅವನೇ. ಮ್ಯಾನೇಜರ್ ಕುರ್ಚಿ ಮಾತ್ರ ಮಾಲೀಕನ ಅಳಿಯನಿಗೆ ಹೋಯಿತು. ಅಂದೇ ಅವನು ಸೇಡು ತೀರಿಸಿಕೊಳ್ಳಲು ನಿರ್ಧರಿಸಿದ.

ಉಪಾಯ ಸರಳವಾಗಿತ್ತು. ಸಮುದ್ರದ ಪಾಚಿ ಒಣಗಿಸಿ ಮಾಡಿದ ಕ್ಯಾಲ್ಸಿಯಂ ಪುಡಿ ಕರಾವಳಿಯಿಂದ ಚೀಲಗಳಲ್ಲಿ ಬರುತ್ತಿತ್ತು. ಭಾಲ್ಕಿ, ಔರಾದ ಕಡೆ ಹೋಗುವ ಡಬ್ಬಿಗಳ ಕ್ಯಾಪ್ಸೂಲಿಗೆ ಅವನು ಮೆಕ್ಕೆಜೋಳದ ಹಿಟ್ಟು ತುಂಬಿದ. ಉಳಿದ ಪುಡಿ ಗುಟ್ಟಾಗಿ ಹೈದರಾಬಾದಿಗೆ ಮಾರಾಟವಾಯಿತು. ಹಿಟ್ಟು ತಿಂದು ಯಾರೂ ಸಾಯುವುದಿಲ್ಲ. ಮುದುಕರ ಮೂಳೆ ಮುರಿದರೆ ಜನ ವಯಸ್ಸನ್ನು ಬೈಯುತ್ತಾರೆ, ಡಬ್ಬಿಯನ್ನಲ್ಲ. ಭಾಲ್ಕಿಯಲ್ಲಿ ತಂಗಿ ಸಪ್ನಾಳ ಮನೆಯಿತ್ತು ನಿಜ, ಆದರೆ ಗಟ್ಟಿಮುಟ್ಟಾದ ಹೆಂಗಸಿಗೆ ಇದೇಕೆ ಬೇಕು? ಇದ್ದದ್ದು ಒಂದೇ ವ್ಯತ್ಯಾಸ. ಅಸಲಿ ಡಬ್ಬಿ ತೆರೆದರೆ ಮೀನಿನಂಥ ವಾಸನೆ, ನಕಲಿಗೆ ಅದಿಲ್ಲ. ನಾತ ಬರುತ್ತಿಲ್ಲವೆಂದು ತಕರಾರು ತೆಗೆಯುವ ಪುಣ್ಯಾತ್ಮ ಯಾರಿದ್ದಾನೆ ಎಂದು ಒಳಗೊಳಗೇ ನಕ್ಕ.

ಅವನೇನು ರಾಕ್ಷಸನಲ್ಲ. ನೌಬಾದದ ಮನೆಯಲ್ಲಿ ಅವನೊಂದಿಗಿದ್ದ ಅವ್ವ ರುಕ್ಮಿಣಿಬಾಯಿಯ ಮೂಳೆಗಳು ಟೊಳ್ಳಾಗುತ್ತಿವೆ, ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಮಾತ್ರ ಅಸಲಿ ಡಬ್ಬಿಯನ್ನೇ ಆರಿಸಿ ತರುತ್ತಿದ್ದ. ಮರುಸಲ ತರುವಷ್ಟರಲ್ಲಿ ಹಳೆಯದು ಖಾಲಿಯಾಗಿರುತ್ತಿತ್ತು. ಅದನ್ನು ಕಂಡು ಸಮಾಧಾನವಾಗುತ್ತಿತ್ತು.

ವರ್ಷ ಕಳೆದರೂ ಯಾರೂ ದೂರಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಹೂ ಕೊಯ್ಯುವಾಗ ಅವ್ವ ಜಾರಿಬಿದ್ದಳು. ಸೊಂಟ ಮುರಿಯಿತು. ಆಸ್ಪತ್ರೆಯಲ್ಲಿ, ಇನ್ನು ನಡೆಯುವುದು ಅನುಮಾನ ಎಂದ ಡಾಕ್ಟರು, ಕ್ಯಾಲ್ಸಿಯಂ ಕೊಡುತ್ತಿದ್ದಿರಾ ಎಂದು ಕೇಳಿದರು. ಓಂಪ್ರಕಾಶ ಧೈರ್ಯವಾಗಿ ಹೂಂ ಅಂದ. ಓಡಿಬಂದಿದ್ದ ಸಪ್ನಾ, ಒಂದು ದಿನವೂ ತಪ್ಪಿಲ್ಲವೆಂದು ಹೇಳಿ ಅವ್ವನ ಚೀಲದಲ್ಲಿದ್ದ ಡಬ್ಬಿಯನ್ನು ಕೊಟ್ಟಳು. ಡಾಕ್ಟರು ಒಂದು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಪರೀಕ್ಷೆಗೆ ಕಳಿಸುತ್ತೇನೆಂದು ಡಬ್ಬಿ ಹಿಡಿದು ಹೊರಟರು. ಕಳಿಸಲಿ ಬಿಡು, ಅದು ತಾನೇ ತಂದ ಅಸಲಿ ಮಾಲು ಎಂದುಕೊಂಡ ಓಂಪ್ರಕಾಶ.

ಅವ್ವ ಅವನ ಕೈ ಹಿಡಿದುಕೊಂಡಳು. "ಸಿಟ್ಟಾಗಬ್ಯಾಡ ಮಗಾ. ನೀ ತಂದದ್ದು ಮೀನಿನ ವಾಸನಿ ಬರ್ತಿತ್ತು. ಲಿಂಗಪೂಜಿ ಮಾಡೋ ಕೈಲೆ ಹ್ಯಾಂಗ ಮುಟ್ಟಲಿ? ನಿನಗ ಬ್ಯಾಸರ ಆಗ್ತದಂತ ಹೇಳಲಿಲ್ಲ, ಕಣಗಿಲ ಗಿಡದ ಬುಡಕ್ಕ ಸುರಿದುಬಿಡ್ತಿದ್ದೆ. ಸಪ್ನಾ ಭಾಲ್ಕಿಯಿಂದ ನಿಮ್ಮ ಕಂಪನಿದೇ ಡಬ್ಬಿ ತಂದು ಕೊಡ್ತಿದ್ಲು. ಅದಕ್ಕ ವಾಸನಿನೇ ಇರಲಿಲ್ಲ." ಡಾಕ್ಟರು ಮೆಟ್ಟಿಲಿಳಿದು ಹೋಗಿಯಾಗಿತ್ತು. ಓಂಪ್ರಕಾಶ ಏಳಲು ನೋಡಿದ. ಅವ್ವ ಕೈ ಬಿಡಲಿಲ್ಲ.